ಮಾದರಿ ಯುದ್ಧವಿಮಾನಗಳ ವರ್ಣವಿಚಾರ

ಒಂದು ಸ್ಪಿಟ್‌ಫೈರ್ ವಿಮಾನವನ್ನು 1/72 ಪ್ರಮಾಣಕ್ಕೆ ಕುಗ್ಗಿಸಿದರೆ ಅದರ ರೆಕ್ಕೆಗಳ ಹರವು ಹದಿನೈದೂವರೆ ಸೆಂಟಿಮೀಟರುಗಳಿಗಿಂತ ತುಸುವೇ ಹೆಚ್ಚಾಗುತ್ತದೆ. ಅಷ್ಟು ಅಲ್ಪವಾದ ವಸ್ತುವಿನ ಅಡಿಮೈಗೆ ಬಳಿಯಬೇಕಾದದ್ದು ತಿಳಿಹಸಿರೋ, ತಿಳಿನೀಲಿಯೋ, ಎರಡರ ನಡುವಣ ಮತ್ತಾವುದೋ ಛಾಯೆಯೋ ಎಂಬ ವಿಷಯದಲ್ಲಿ ವಿದ್ಯಾವಂತರೂ ವಿವೇಕಿಗಳೂ ಆದ ಜನರು ಅರ್ಧ ಶತಮಾನಕ್ಕೂ ಮೇಲ್ಪಟ್ಟು ವಾದಿಸುತ್ತ ಬಂದಿದ್ದಾರೆ. ಹೊರಗೆ ನಿಂತು ನೋಡುವವರಿಗೆ ಇದು ಕಾಲಹರಣವೆಂದು ತೋರುವುದು ಸಹಜ. ಆದರೆ ಆ ವಾದದೊಳಗೆ ಇಳಿದು ನೋಡಿದವರಿಗೆ, ಬಣ್ಣದ ರಸಾಯನ, ಛಾಯಾಗ್ರಹಣದ ದೋಷಗಳು, ಯುದ್ಧಕಾಲದ ಅಭಾವ, ಸರ್ಕಾರಿ ಆಜ್ಞೆಗೂ ಕಾರ್ಖಾನೆಯ ಕೆಲಸಕ್ಕೂ ನಡುವೆ ಬೀಳುವ ಅಂತರ, ಇವೆಲ್ಲವೂ ಆ ಒಂದು ಛಾಯೆಯ ಹಿಂದೆ ಸಾಲುಗಟ್ಟಿ ನಿಂತಿರುವುದು ಕಾಣುತ್ತದೆ. ಈ ವಿಷಯದಲ್ಲಿ ಇದುವರೆಗೆ ನಡೆದಿರುವ ವಿಚಾರವನ್ನು ಒಟ್ಟಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಯಾವ ಕಾರ್ಖಾನೆಯಲ್ಲಿ ತಯಾರಾದ, ಯಾವ ತಿಂಗಳು ಹಾರಿದ, ಯಾವ ವಿಮಾನ ಎಂಬುದನ್ನು ಗೊತ್ತುಮಾಡಿಕೊಳ್ಳದೆ ‘ಸರಿಯಾದ ಬಣ್ಣ ಯಾವುದು’ ಎಂದು ಕೇಳಿದರೆ ಆ ಪ್ರಶ್ನೆಗೆ ಉತ್ತರವೇ ಇರಲಾರದು ಎಂಬುದು ನನ್ನ ಅಭಿಪ್ರಾಯ. ಮುಂದೆ ಹೇಳುವುದೆಲ್ಲ ಅದರ ಸಮರ್ಥನೆಗಾಗಿಯೇ.

ಆರು ಅಡಿಗೆ ಒಂದು ಅಂಗುಲವೆಂಬ ಲೆಕ್ಕದಿಂದ ಹುಟ್ಟಿದ 1/72 ಪ್ರಮಾಣ ಇಂಗ್ಲೆಂಡಿನಲ್ಲಿ 1930ರ ದಶಕದಲ್ಲಿ ರೂಢಿಗೆ ಬಂದಿತು. ಮೊದಲು ಮರದ ಸ್ಕೈಬರ್ಡ್ಸ್ ಮಾದರಿಗಳು, ಬಳಿಕ 1936ರಲ್ಲಿ ಸೆಲ್ಯುಲೋಸ್ ಅಸಿಟೇಟಿನಿಂದ ಎರಕಹೊಯ್ದ ಫ್ರಾಗ್ ಕಂಪನಿಯ ಪೆಂಗ್ವಿನ್ ಮಾಲೆ ಈ ಪ್ರಮಾಣವನ್ನು ನೆಲೆಗೊಳಿಸಿದುವು. ಎರಡನೆಯ ಮಹಾಯುದ್ಧದಲ್ಲಿ ಸರ್ಕಾರಗಳೇ ಮಾದರಿಗಳನ್ನು ಮಾಡಿಸಿದುವು. ಶತ್ರುವಿಮಾನವನ್ನೂ ಮಿತ್ರವಿಮಾನವನ್ನೂ ದೂರದಿಂದಲೇ ಗುರುತಿಸಲು ಸೈನಿಕರಿಗೆ ಕಲಿಸುವುದಕ್ಕಾಗಿ ಅಮೆರಿಕದ ನೌಕಾಪಡೆ 1942ರಲ್ಲಿ ಶಾಲಾ ವಿದ್ಯಾರ್ಥಿಗಳಿಂದ ಸಹಸ್ರಾರು ಮರದ ಮಾದರಿಗಳನ್ನು ಕೆತ್ತಿಸಿತು. ಆ ಮಾದರಿಗಳೆಲ್ಲ ಕಪ್ಪು ಬಣ್ಣದವು, ಏಕೆಂದರೆ ಆಕಾಶದಲ್ಲಿ ಕಾಣತಕ್ಕದ್ದು ಬಾಹ್ಯರೇಖೆ ಮಾತ್ರ. ಯುದ್ಧ ಮುಗಿದು, ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅಗ್ಗವಾಗಿ, ಇಂಗ್ಲೆಂಡಿನ ಏರ್‌ಫಿಕ್ಸ್, ಅಮೆರಿಕದ ಮಾನೋಗ್ರಾಮ್ ಮತ್ತು ರೆವೆಲ್, ಜಪಾನಿನ ಶಿಜುವೋಕಾ ಪ್ರಾಂತ್ಯದ ಟಾಮಿಯಾ ಮತ್ತು ಹಾಸೆಗಾವಾ ಮೊದಲಾದ ಸಂಸ್ಥೆಗಳ ಕಿಟ್‌ಗಳು ಮನೆಮನೆಗೆ ಬಂದಮೇಲೆ, ಆಕಾರವನ್ನು ಕಾರ್ಖಾನೆಯೇ ಒದಗಿಸಿತು. ಮಾದರಿಕಾರನ ಪಾಲಿಗೆ ಉಳಿದದ್ದು ಬಣ್ಣ.

ಆಕಾರದ ತಪ್ಪನ್ನು ಅಳತೆಗೋಲಿನಿಂದ ತೋರಿಸಬಹುದು. ಮೂಲವಿಮಾನದ ನಕ್ಷೆ ದೊರೆತರೆ ವಿವಾದ ಅಲ್ಲಿಗೆ ಮುಗಿಯಿತು. ಬಣ್ಣದ ವಿಷಯ ಹಾಗಲ್ಲ. ಬಣ್ಣವೆಂಬುದು ದ್ರವ್ಯ, ಬೆಳಕು, ಕಣ್ಣು ಈ ಮೂರೂ ಕೂಡಿ ಉಂಟಾಗತಕ್ಕ ಅನುಭವವಾದುದರಿಂದ, ಹಗಲಿನ ಬೆಳಕಿನಲ್ಲಿ ಒಂದೇ ಎಂದು ಕಂಡ ಎರಡು ಲೇಪಗಳು ದೀಪದ ಕೆಳಗೆ ಬೇರೆಬೇರೆಯಾಗಿ ಕಾಣುವುದುಂಟು. ಅವುಗಳಲ್ಲಿ ಬೆರೆತ ವರ್ಣದ್ರವ್ಯಗಳು ಭಿನ್ನವಾಗಿದ್ದರೆ ಹೀಗಾಗುವುದು ಅನಿವಾರ್ಯ. ಆದಕಾರಣವೇ ಒಂದೊಂದು ದೇಶದ ವಾಯುಬಲವೂ ಬಣ್ಣಗಳಿಗೆ ಹೆಸರನ್ನೋ ಸಂಖ್ಯೆಯನ್ನೋ ಕೊಟ್ಟು, ಮಾದರಿ ಬಣ್ಣದ ಚೀಟಿಗಳನ್ನು ಹಂಚಿ, ಕಾರ್ಖಾನೆಗಳು ಅವಕ್ಕೆ ಹೊಂದಿಸಿ ಬಳಿಯತಕ್ಕದ್ದೆಂದು ವಿಧಿಸಿತು. ಈ ವಿಧಿಗಳನ್ನು ಓದಿದವನಿಗೆ ಎಲ್ಲವೂ ನಿಶ್ಚಿತವಾಗಿದ್ದಂತೆ ತೋರುತ್ತದೆ. ಅವುಗಳ ಪಾಲನೆಯ ಚರಿತ್ರೆಯನ್ನು ಓದಿದಾಗ ಆ ನಿಶ್ಚಯ ಕರಗುತ್ತದೆ.

ಬ್ರಿಟನ್ನಿನ ‘ಸ್ಕೈ’ ಎಂಬ ಬಣ್ಣ ಇದಕ್ಕೆ ಅತ್ಯುತ್ತಮ ನಿದರ್ಶನ. ಯುದ್ಧಾರಂಭದಲ್ಲಿ ಬ್ರಿಟಿಷ್ ಫೈಟರ್ ವಿಮಾನಗಳ ಮೇಲ್ಮೈ ಡಾರ್ಕ್ ಗ್ರೀನ್ ಮತ್ತು ಡಾರ್ಕ್ ಅರ್ಥ್ ಎಂಬ ಹಸಿರು ಕಂದುಗಳ ಅಲೆಯಾಕಾರದ ಪಟ್ಟೆಗಳಿಂದ ಕೂಡಿದ್ದು, ಅಡಿಮೈಯಲ್ಲಿ ಎಡರೆಕ್ಕೆ ಕಪ್ಪಾಗಿಯೂ ಬಲರೆಕ್ಕೆ ಬಿಳಿಯಾಗಿಯೂ ಇರುತ್ತಿದ್ದುವು. ನೆಲದಿಂದ ನೋಡುವ ತಮ್ಮವರೇ ಅವುಗಳ ಮೇಲೆ ಗುಂಡು ಹಾರಿಸದಿರಲೆಂಬುದು ಈ ವಿಚಿತ್ರ ವಿನ್ಯಾಸದ ಕಾರಣ. 1940ರ ಜೂನ್ ತಿಂಗಳಿನಲ್ಲಿ, ಡನ್‌ಕರ್ಕಿನ ಹಿಮ್ಮೆಟ್ಟುವಿಕೆ ಮುಗಿದ ಕೂಡಲೆ, ಅಡಿಮೈಯೆಲ್ಲವೂ ಸ್ಕೈ ಬಣ್ಣದ್ದಾಗಬೇಕೆಂದು ಆಜ್ಞೆಯಾಯಿತು. ಹಸಿರು ಸುಳಿದ ಈ ತಿಳಿಬಣ್ಣದ ಮೂಲ, ಸಿಡ್ನಿ ಕಾಟನ್ ಎಂಬ ಸಾಹಸಿ ವೈಮಾನಿಕ ಗುಪ್ತ ಛಾಯಾಗ್ರಹಣಕ್ಕಾಗಿ ಬಳಸುತ್ತಿದ್ದ ತನ್ನ ವಿಮಾನಕ್ಕೆ ಬಳಿಸಿಕೊಂಡಿದ್ದ ‘ಕ್ಯಾಮೊಟಿಂಟ್’ ಎಂಬ ಲೇಪ. ಆಜ್ಞೆಯೇನೋ ಹೊರಟಿತು, ಆದರೆ ಆ ಬಣ್ಣ ಸಾಕಷ್ಟು ಪ್ರಮಾಣದಲ್ಲಿ ಉಗ್ರಾಣಗಳಲ್ಲಿ ಇರಲೇ ಇಲ್ಲ.

ಮುಂದೆ ನಡೆದದ್ದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಫ್ರಾನ್ಸ್ ಬೀಳುತ್ತಿದೆ, ದಿನದಿನವೂ ವಿಮಾನಗಳು ನಷ್ಟವಾಗುತ್ತಿವೆ, ಅಂಥ ಸಮಯದಲ್ಲಿ ಬಣ್ಣ ಬರಲಿಲ್ಲವೆಂದು ವಿಮಾನವನ್ನು ನೆಲದ ಮೇಲೆ ನಿಲ್ಲಿಸುವ ಅಧಿಕಾರಿ ಯಾರು? ನಿಲ್ದಾಣಗಳಲ್ಲಿ ಇದ್ದ ಬಣ್ಣಗಳನ್ನು ಬೆರೆಸಿ ಹತ್ತಿರದ ಛಾಯೆಯನ್ನು ಕಲ್ಪಿಸಿಕೊಂಡರು. ‘ಸ್ಕೈ ಬ್ಲೂ’, ‘ಸ್ಕೈ ಗ್ರೇ’ ಎಂಬ ಬೇರೆ ಎರಡು ಅಧಿಕೃತ ಬಣ್ಣಗಳೂ ಆಗಲೇ ಇದ್ದುದರಿಂದ ಹೆಸರುಗಳ ಗೊಂದಲವೂ ಸೇರಿತು. ಪತ್ರವ್ಯವಹಾರದಲ್ಲಿ ಇದೇ ಬಣ್ಣವನ್ನು ‘ಬಾತುಮೊಟ್ಟೆಯ ನೀಲಿ’ ಎಂದು ಕರೆದವರಿದ್ದಾರೆ. ‘ಸ್ಕೈ ಟೈಪ್ ಎಸ್’ ಎಂಬಲ್ಲಿನ ಎಸ್ ಅಕ್ಷರ ನುಣುಪಾದ ಲೇಪವೆಂಬುದನ್ನು ಸೂಚಿಸುತ್ತಿದ್ದರೂ ಅದನ್ನು ಇನ್ನೊಂದು ಛಾಯೆಯ ಹೆಸರೆಂದು ಭಾವಿಸಿದವರೂ ಇದ್ದಾರೆ. ಇದರ ಫಲವಾಗಿ 1940ರ ಬೇಸಗೆಯ ಒಂದೇ ಸ್ಕ್ವಾಡ್ರನ್ನಿನ ಸಾಲಿನಲ್ಲಿ ಹಸಿರು ಮಿಶ್ರಿತ ಅಡಿಮೈ, ನಿಜವಾದ ತಿಳಿನೀಲಿಯ ಅಡಿಮೈ, ಇನ್ನೂ ಅಳಿಸದ ಕಪ್ಪುಬಿಳಿಯ ಅಡಿಮೈ ಪಕ್ಕಪಕ್ಕದಲ್ಲಿ ನಿಂತಿರಬಹುದಾಗಿತ್ತು. ಇಂದು ಬ್ರಿಟಿಷ್ ಸ್ಟ್ಯಾಂಡರ್ಡ್ 381ಸಿ ಪಟ್ಟಿಯಲ್ಲಿ 210ನೆಯ ಸಂಖ್ಯೆಯ ಬಣ್ಣವನ್ನು ತೋರಿಸಿ ‘ಬ್ರಿಟನ್ ಕದನದ ಸ್ಪಿಟ್‌ಫೈರಿಗೆ ಇದೇ ಸರಿ’ ಎಂದು ಹೇಳುವವನು ಆಜ್ಞೆಯ ವಿಷಯದಲ್ಲಿ ನಿಜವನ್ನೇ ಹೇಳುತ್ತಿದ್ದಾನೆ. ಆ ಜೂನ್, ಜುಲೈ ತಿಂಗಳುಗಳ ವಿಮಾನಗಳ ವಿಷಯದಲ್ಲಿ ಅವನ ಮಾತು ಪೂರ್ಣಸತ್ಯವಲ್ಲ.

ಅದರ ಮರುವರ್ಷ, 1941ರ ಆಗಸ್ಟಿನಲ್ಲಿ, ಮೇಲ್ಮೈಯ ಕಂದುಬಣ್ಣಕ್ಕೆ ಬದಲಾಗಿ ‘ಓಷನ್ ಗ್ರೇ’ ಎಂಬ ಬೂದುಬಣ್ಣ ಬಂದಾಗಲೂ ಇದೇ ಕಥೆ. ಹೊಸ ಬಣ್ಣ ದೊರೆಯುವವರೆಗೆ ಏಳು ಪಾಲು ಮೀಡಿಯಮ್ ಸೀ ಗ್ರೇ ಬಣ್ಣಕ್ಕೆ ಒಂದು ಪಾಲು ಕಪ್ಪನ್ನು ಬೆರೆಸಿ ಬಳಿಯಿರೆಂದು ಅಧಿಕಾರಿಗಳೇ ಸೂಚಿಸಿದರು. ಏಳಕ್ಕೆ ಒಂದು ಎಂಬ ಆ ಲೆಕ್ಕವನ್ನು ವಿಮಾನಶಾಲೆಯ ಮೂಲೆಯಲ್ಲಿ ಬಕೆಟ್ಟು ಹಿಡಿದು ನಿಂತ ಕೆಲಸಗಾರ ಎಷ್ಟು ನಿಷ್ಠೆಯಿಂದ ಪಾಲಿಸಿದನೆಂಬುದು, ಎಂಬತ್ತು ವರ್ಷಗಳ ತರುವಾಯ ನಮ್ಮ ಮಾದರಿಯ ರೆಕ್ಕೆಯ ಮೇಲಿನ ಪ್ರಶ್ನೆಯಾಗಿ ಬಂದು ನಿಲ್ಲುತ್ತದೆ. ನನಗೆ ಈ ಇಡೀ ವ್ಯಾಸಂಗದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ: ಹೆಸರು ಉಳಿಯದ ಒಬ್ಬ ಕೆಲಸಗಾರನ ಒಂದು ಮಧ್ಯಾಹ್ನದ ಕೈಕೆಲಸವನ್ನು ಅರಿಯುವುದಕ್ಕಾಗಿ ನಾವು ಇಷ್ಟು ಶ್ರಮಪಡುತ್ತೇವೆ, ಮತ್ತು ಆ ಶ್ರಮಕ್ಕೆ ಅವನು ಯೋಗ್ಯನಾಗಿದ್ದಾನೆ.

ಜರ್ಮನಿಯ ವಿಷಯ ಇನ್ನೂ ಜಟಿಲವಾದದ್ದು. ಅಲ್ಲಿನ ವಾಯುಯಾನ ಸಚಿವಾಲಯ, ಅಂದರೆ ಆರ್‌ಎಲ್‌ಎಂ, ಬಣ್ಣಗಳಿಗೆ ಹೆಸರಿನ ಬದಲು ಸಂಖ್ಯೆಗಳನ್ನು ಕೊಟ್ಟು, 1938ರಲ್ಲಿಯೂ ಪುನಃ 1941ರಲ್ಲಿಯೂ ಬಣ್ಣದ ಚೀಟಿಗಳ ಸಮೇತ ನಿಯಮಾವಳಿಯನ್ನು ಪ್ರಕಟಿಸಿತು. 65ನೆಯದು ಅಡಿಮೈಯ ತಿಳಿನೀಲಿ, 70 ಮತ್ತು 71 ಗಾಢವಾದ ಹಸಿರುಗಳು, 1941ರಿಂದ ಫೈಟರುಗಳಿಗೆ ಬಂದ 74, 75, 76 ಎಂಬುವು ಬೂದುಬಣ್ಣಗಳು. ಚೀಟಿಗಳು ಉಳಿದಿರುವುದರಿಂದ ಇಷ್ಟರವರೆಗೆ ವಿವಾದಕ್ಕೆ ಹೆಚ್ಚು ಆಸ್ಪದವಿಲ್ಲ. 1944ರ ಜುಲೈ ಮತ್ತು ಆಗಸ್ಟ್ ತಿಂಗಳುಗಳ ಸುತ್ತೋಲೆಗಳಲ್ಲಿ ಹಳೆಯ ಬಣ್ಣಗಳನ್ನು ಕೈಬಿಟ್ಟು 81, 82 ಎಂಬ ಹೊಸ ಸಂಖ್ಯೆಗಳನ್ನು ಬಳಸಬೇಕೆಂದು ತಿಳಿಸಿದಾಗ ಸಚಿವಾಲಯ ಅವುಗಳ ಚೀಟಿಗಳನ್ನು ಒದಗಿಸಲಿಲ್ಲ. ಬಂದ ಬಣ್ಣವನ್ನು ಪರೀಕ್ಷಿಸಿ ಒಪ್ಪಿಕೊಳ್ಳುವ ಕ್ರಮವನ್ನೇ ಆ ಎರಡರ ವಿಷಯದಲ್ಲಿ ಬಿಟ್ಟುಬಿಡಬೇಕಾಯಿತು. ಒಂದು ಕಾರ್ಖಾನೆಯ ಕಾಗದಗಳು 81ನೆಯದನ್ನು ಕಂದುನೇರಳೆ ಎನ್ನುತ್ತವೆ. ಇನ್ನೊಂದರ ಕಾಗದಗಳು ಅದನ್ನೇ ಆಲಿವ್ ಕಂದು ಎನ್ನುತ್ತವೆ. 83ನೆಯ ಸಂಖ್ಯೆಯನ್ನು ದಶಕಗಳ ಕಾಲ ಎಲ್ಲರೂ ಗಾಢಹಸಿರೆಂದೇ ನಂಬಿದ್ದರು; ಈಚಿನ ಶೋಧಕರು ಅದು ಸಮುದ್ರದ ಮೇಲೆ ಹಾರುವ ವಿಮಾನಗಳಿಗಾಗಿ ಉದ್ದೇಶಿಸಿದ ನೀಲಿಯೆಂದು ವಾದಿಸಿ, ದಾಖಲೆಗಳನ್ನು ಮುಂದಿಟ್ಟಿದ್ದಾರೆ. ಇದಕ್ಕೂ ಮಿಗಿಲಾದ ಆಶ್ಚರ್ಯವೆಂದರೆ ‘ಆರ್‌ಎಲ್‌ಎಂ 84’ ಎಂಬ ಬಣ್ಣ. ಯುದ್ಧಾಂತ್ಯದ ವಿಮಾನಗಳ ಅಡಿಮೈಯಲ್ಲಿ ಕಂಡ ಹಸಿರುನೀಲಿಯ ಛಾಯೆಯೊಂದಕ್ಕೆ ಯುದ್ಧಾನಂತರದ ಅಭ್ಯಾಸಿಗಳು ಸೌಕರ್ಯಕ್ಕಾಗಿ ಕೊಟ್ಟ ಸಂಖ್ಯೆಯದು. ಸಚಿವಾಲಯ ಅಂಥ ಸಂಖ್ಯೆಯನ್ನು ಪ್ರಕಟಿಸಿದ್ದಕ್ಕೆ ಆಧಾರವಿಲ್ಲ. ಆದರೂ ಆ ಹೆಸರಿನ ಬಣ್ಣದ ಸೀಸೆಗಳು ಅಂಗಡಿಗಳಲ್ಲಿ ಮಾರಾಟವಾಗುತ್ತವೆ.

1944ರ ವೇಳೆಗೆ ಜರ್ಮನ್ ಕಾರ್ಖಾನೆಗಳು ಬಾಂಬುದಾಳಿಯಿಂದ ತಪ್ಪಿಸಿಕೊಳ್ಳಲು ಸುರಂಗಗಳಿಗೂ ಕಾಡುಗಳಿಗೂ ಚದರಿಹೋಗಿದ್ದುವು. ಒಂದು ವಿಮಾನದ ರೆಕ್ಕೆ ಒಂದು ಊರಿನಲ್ಲಿ, ಬಾಲ ಮತ್ತೊಂದು ಊರಿನಲ್ಲಿ, ಒಡಲು ಮೂರನೆಯ ಊರಿನಲ್ಲಿ ತಯಾರಾಗಿ, ಅಲ್ಲಲ್ಲಿಯೇ ಬಣ್ಣ ಬಳಿಸಿಕೊಂಡು, ಕೊನೆಗೆ ಎಲ್ಲೋ ಒಂದೆಡೆ ಕೂಡಿಕೊಳ್ಳುತ್ತಿದ್ದುವು. ಬಣ್ಣದ ಉಳಿತಾಯಕ್ಕಾಗಿ ರೆಕ್ಕೆಯ ಕೆಳಭಾಗವನ್ನು ಬರಿಯ ಲೋಹವಾಗಿಯೇ ಬಿಟ್ಟದ್ದೂ ಉಂಟು. ಇಂಥ ವಿಮಾನವೊಂದರಲ್ಲಿ ರೆಕ್ಕೆಯ ಹಸಿರಿಗೂ ಒಡಲಿನ ಹಸಿರಿಗೂ ಹೊಂದಿಕೆ ಇಲ್ಲದಿರುವುದೇ ಯಥಾರ್ಥ. ಎಲ್ಲವನ್ನೂ ಒಂದೇ ಸೀಸೆಯಿಂದ ಸೊಗಸಾಗಿ ಬಳಿದ ಮಾದರಿ ಎಷ್ಟು ಅಂದವಾಗಿದ್ದರೂ ಚರಿತ್ರೆಯನ್ನು ಮರೆತದ್ದಾಗುತ್ತದೆ. ಕೆನೆತ್ ಮೆರಿಕ್ ಮತ್ತು ಥಾಮಸ್ ಹಿಚ್‌ಕಾಕ್ ಎಂಬವರು 1980ರಲ್ಲಿ ಹೊರತಂದ, ನಿಜವಾದ ಲೇಪದ ಚೀಟಿಗಳನ್ನೇ ಅಂಟಿಸಿದ, ಜರ್ಮನ್ ವಿಮಾನವರ್ಣಗಳ ಗ್ರಂಥ ಒಂದು ತಲೆಮಾರಿನ ಮಾದರಿಕಾರರಿಗೆ ಪ್ರಮಾಣವಾಗಿದ್ದಿತು. ತರುವಾಯದ ಶೋಧನೆ ಯುದ್ಧಾಂತ್ಯದ ಬಣ್ಣಗಳ ವಿಷಯದಲ್ಲಿ ಹಳೆಯ ನಿರ್ಣಯಗಳನ್ನು ಸಡಿಲಿಸಿದ್ದರೂ, ಮುದ್ರಣದ ಮಸಿಯನ್ನು ನಂಬದೆ ಲೇಪವನ್ನೇ ಓದುಗರ ಕೈಗಿತ್ತ ಆ ಗ್ರಂಥಕರ್ತರ ಶ್ರದ್ಧೆ ಗೌರವಕ್ಕೆ ಪಾತ್ರವಾದದ್ದು.

ಜಪಾನಿನ ಝೀರೋ ವಿಮಾನದ ವಿವಾದ ಬೇರೊಂದು ಬಗೆಯದು. ಅಲ್ಲಿ ಸಂದೇಹ ಹುಟ್ಟಿದ್ದು ಕಾಲಪ್ರಭಾವದಿಂದ. ಪರ್ಲ್ ಹಾರ್ಬರಿನ ಮೇಲೆ ದಾಳಿಯಿಟ್ಟ ಝೀರೋಗಳು ಬಿಳಿ ಅಥವಾ ತಿಳಿಬೂದು ಬಣ್ಣದವೆಂದು ಹಳೆಯ ಕಿಟ್‌ಗಳ ಸೂಚನಾಪತ್ರಗಳು ಹೇಳುತ್ತಿದ್ದುವು, ಕಪ್ಪುಬಿಳುಪಿನ ಚಿತ್ರಗಳಲ್ಲಿ ಅವು ಹಾಗೆಯೇ ಕಾಣುತ್ತವೆ. ಆದರೆ ಬಿದ್ದ ವಿಮಾನಗಳಿಂದ ಉಳಿದ ತಗಡಿನ ತುಂಡುಗಳನ್ನು ಹತ್ತಿರದಿಂದ ಪರೀಕ್ಷಿಸಿದವರಿಗೆ ಬೂದುಬಣ್ಣದೊಳಗೆ ಆಲಿವ್ ಹಸಿರೂ ಜೇನುಗಂದೂ ಸೇರಿದ ಛಾಯೆಯೊಂದು ಕಾಣಿಸಿತು. 1942ರ ಜಪಾನೀ ನೌಕಾಪಡೆಯ ವರದಿಯೊಂದರಲ್ಲಿ ಬರುವ ‘ಆಮೆಇರೊ’ ಎಂಬ ಹೆಸರನ್ನು ಇದಕ್ಕೆ ಹೊಂದಿಸಲಾಯಿತು. ಆ ಲೇಪ ಬಿಸಿಲಿಗೂ ಉಪ್ಪುಗಾಳಿಗೂ ಸಿಕ್ಕಿದಾಗ ಮೇಲ್ಪದರ ಸುಣ್ಣದ ಹುಡಿಯಂತಾಗಿ ಬಿಳಚಿಕೊಳ್ಳುತ್ತದೆ. ಅದನ್ನು ಉಜ್ಜಿದರೆ ಒಳಗಿನ ಬೆಚ್ಚನೆಯ ಬಣ್ಣ ಮೇಲೇಳುತ್ತದೆ. ಹಾಗಾದರೆ ತಿಳಿಬೂದು ಎಂದವರೂ ಜೇನುಗಂದು ಎಂದವರೂ ಒಂದೇ ತಗಡಿನ ಎರಡು ಅವಸ್ಥೆಗಳನ್ನು ವರ್ಣಿಸಿದರೆನ್ನಬೇಕು. ವಿಮಾನವಾಹಕ ಹಡಗಿನಿಂದ ಆಗತಾನೆ ಮೇಲೆದ್ದ ಹೊಸ ಝೀರೋವನ್ನು ತೋರಿಸುವವನು ಜೇನುಗಂದಿನ ಹೊಳಪನ್ನು ಬಿಡಬಾರದು. ದ್ವೀಪವೊಂದರ ನೆಲೆಯಲ್ಲಿ ತಿಂಗಳುಗಟ್ಟಲೆ ಬಿಸಿಲುಂಡ ಝೀರೋವನ್ನು ತೋರಿಸುವವನಿಗೆ ಬಿಳಚಿದ ಬೂದು ತಪ್ಪೇನಲ್ಲ. ಹಸಿರು ಮೇಲ್ಮೈ ಬಂದಮೇಲಿನ ಝೀರೋಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ: ಮಿತ್ಸುಬಿಷಿಯಲ್ಲಿ ತಯಾರಾದವುಗಳಲ್ಲಿ ಹಸಿರು ಬೂದುಗಳ ಗಡಿರೇಖೆ ಒಡಲಿನುದ್ದಕ್ಕೂ ಬಹುಮಟ್ಟಿಗೆ ನೇರವಾಗಿ ಬಾಲದ ತುದಿಗೆ ಹೋಗುತ್ತದೆ, ನಕಾಜಿಮಾದಲ್ಲಿ ತಯಾರಾದವುಗಳಲ್ಲಿ ಅದು ರೆಕ್ಕೆಯ ಹಿಂದಿನಿಂದ ಬಾಗಿ ಬಾಲರೆಕ್ಕೆಯ ಕಡೆಗೆ ಏರುತ್ತದೆ. ಆ ಒಂದು ರೇಖೆಯಿಂದಲೇ ವಿಮಾನದ ತೌರುಮನೆಯನ್ನು ಹೇಳಬಹುದು.

ಅಮೆರಿಕದ ವಿಷಯದಲ್ಲಿ ಕೆಲಸ ಬಹಳ ಮಟ್ಟಿಗೆ ಸುಲಭವಾಗಿದೆ. 1956ರಲ್ಲಿ ಮೊದಲು ಪ್ರಕಟವಾದ ಫೆಡರಲ್ ಸ್ಟ್ಯಾಂಡರ್ಡ್ 595ರ ಐದಂಕಿಯ ಪದ್ಧತಿಯಲ್ಲಿ ಮೊದಲ ಅಂಕಿ ಹೊಳಪನ್ನೂ ಎರಡನೆಯದು ವರ್ಣಕುಲವನ್ನೂ ಸೂಚಿಸುತ್ತದೆ. 36375 ಎಂದರೆ ಹೊಳಪಿಲ್ಲದ, ಬೂದುಕುಲದ ಬಣ್ಣವೆಂದು ನೋಡಿದೊಡನೆ ತಿಳಿಯುತ್ತದೆ. ಆದರೆ ಈ ಸಂಖ್ಯೆಗಳನ್ನು ಅವು ಹುಟ್ಟುವುದಕ್ಕೆ ಮೊದಲಿನ ವಿಮಾನಗಳಿಗೂ, ಬೇರೆ ದೇಶಗಳ ಬಣ್ಣಗಳಿಗೂ ‘ಹತ್ತಿರದ ಸಮಾನ’ವೆಂದು ಹಚ್ಚುತ್ತ ಹೋದುದರಿಂದ, ಆ ಹತ್ತಿರವೇ ಮೂಲವೆಂಬ ಭ್ರಮೆ ಬೆಳೆಯಿತು. ಸೋವಿಯತ್ ದೇಶದ ಎಎಂಟಿ ಮಾಲೆಯ ಹಸಿರು, ಕಪ್ಪು, ಬೂದುಗಳು ಈ ಭ್ರಮೆಗೆ ಬಹುಕಾಲ ತುತ್ತಾಗಿದ್ದುವು.

ಛಾಯಾಚಿತ್ರಗಳು ಇವೆಯಲ್ಲ, ಅವು ಸಾಕ್ಷಿಯಲ್ಲವೆ ಎಂದು ಕೇಳಬಹುದು. ಅವು ಸಾಕ್ಷಿಯೇ, ಪಾಟೀಸವಾಲಿಗೆ ಒಳಪಡಿಸಬೇಕಾದ ಸಾಕ್ಷಿ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪುಬೆಳಕು ಕಾಣುವುದಿಲ್ಲ. ಆದಕಾರಣ ಅದರಲ್ಲಿ ಬ್ರಿಟಿಷ್ ವೃತ್ತಲಾಂಛನದ ಕೆಂಪು ನಡುಬಿಂದು ಕಪ್ಪಾಗುತ್ತದೆ, ಸುತ್ತಣ ಹಳದಿ ಉಂಗುರವೂ ಕಪ್ಪಿಡುತ್ತದೆ, ನೀಲಿಯ ಬಳೆ ಮಾತ್ರ ತಿಳಿಯಾಗಿ ಬೆಳಗುತ್ತದೆ. ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ತೆಗೆದ ಅದೇ ವಿಮಾನದ ಚಿತ್ರದಲ್ಲಿ ಹಳದಿ ಉಂಗುರ ಬೆಳ್ಳಗೆ ಕಾಣುತ್ತದೆ. ಇದನ್ನರಿಯದೆ ಮೊದಲ ಚಿತ್ರವನ್ನು ನೋಡಿದವನು ಉಂಗುರವೇ ಇಲ್ಲವೆಂದು ತೀರ್ಮಾನಿಸಿಬಿಡುತ್ತಾನೆ. ಮಸೂರದ ಮುಂದಿಟ್ಟ ಹಳದಿಯ ಅಥವಾ ಕೆಂಪಿನ ಫಿಲ್ಟರು ಈ ಲೆಕ್ಕವನ್ನೆಲ್ಲ ಮತ್ತೊಮ್ಮೆ ತಲೆಕೆಳಗು ಮಾಡುತ್ತದೆ. ವರ್ಣಚಿತ್ರಗಳಲ್ಲಿ ಕೊಡಕ್ರೋಮ್ ಕತ್ತಲೆಯಲ್ಲಿಟ್ಟರೆ ಬಹುಕಾಲ ಬಣ್ಣಗೆಡದ ಫಿಲ್ಮು. ಜರ್ಮನಿಯ ಅಗ್ಫಾಕಲರ್ ಅಷ್ಟು ಸ್ಥಿರವಾದುದಲ್ಲ. ಇನ್ನು ಮುದ್ರಣದಲ್ಲಿ ನಾಲ್ಕು ಮಸಿಗಳ ಮೂಲಕ ಹಾದುಬಂದ ಛಾಯೆಯನ್ನು ನೋಡಿ ಬಣ್ಣ ಬೆರೆಸುವುದು ವ್ಯರ್ಥ. ಛಾಯಾಚಿತ್ರದಿಂದ ನಂಬಬಹುದಾದದ್ದು ಪಟ್ಟೆಗಳ ಅಂಚು, ಲಾಂಛನದ ಗಾತ್ರ, ಅಕ್ಷರಗಳ ಸ್ಥಾನ, ಒಂದೇ ಚಿತ್ರದೊಳಗಣ ಎರಡು ಬಣ್ಣಗಳ ತಾರತಮ್ಯ, ಮತ್ತು ಕೈಕೆಲಸದ ಒರಟುತನ. 1944ರ ಜೂನ್ ತಿಂಗಳಿನಲ್ಲಿ ನಾರ್ಮಂಡಿಯ ಆಕ್ರಮಣಕ್ಕೆ ಮುನ್ನ ಮಿತ್ರರಾಷ್ಟ್ರಗಳ ವಿಮಾನಗಳ ಮೇಲೆ ಅವಸರವಾಗಿ ಬಳಿದ ಕಪ್ಪುಬಿಳಿಯ ಪಟ್ಟೆಗಳನ್ನು ನೋಡಿ: ಒಂಟಿ ಎಂಜಿನ್ನಿನ ವಿಮಾನಕ್ಕೆ ಪಟ್ಟೆಯ ಅಗಲ ಹದಿನೆಂಟು ಅಂಗುಲವೆಂದು ವಿಧಿ, 1/72 ಪ್ರಮಾಣದಲ್ಲಿ ಸರಿಯಾಗಿ ಕಾಲು ಅಂಗುಲ, ಆದರೆ ಚಿತ್ರಗಳಲ್ಲಿ ಕುಂಚದ ಗೆರೆಗಳೂ ಡೊಂಕಾದ ಅಂಚುಗಳೂ ಸ್ಪಷ್ಟವಾಗಿ ಕಾಣುತ್ತವೆ.

ವಸ್ತುಸಂಗ್ರಹಾಲಯದ ವಿಮಾನವನ್ನು ಕಣ್ಣಾರೆ ಕಂಡೆನೆಂಬ ವಾದಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಪ್ರದರ್ಶನದಲ್ಲಿರುವ ಹೆಚ್ಚಿನ ವಿಮಾನಗಳು ಒಂದಲ್ಲ ಹಲವು ಬಾರಿ ಬಣ್ಣ ಬಳಿಸಿಕೊಂಡವು. ಬ್ರಿಟನ್ನಿನ ಸ್ಮಾರಕ ವಿಮಾನದಳದ ಸ್ಪಿಟ್‌ಫೈರ್‌ಗಳಂತೂ ಕಾಲಕಾಲಕ್ಕೆ ಬೇರೆಬೇರೆ ವಿಮಾನಗಳ ವೇಷವನ್ನು ಧರಿಸುತ್ತವೆ. ಇದಕ್ಕೆ ಪ್ರತಿಯಾಗಿ, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯವರು 1980ರಿಂದ 1983ರವರೆಗೆ ಒಂದು ಫೋಕೆವುಲ್ಫ್ 190 ವಿಮಾನವನ್ನು ಜೀರ್ಣೋದ್ಧಾರ ಮಾಡುವಾಗ, ಹೊರಪದರವನ್ನು ಒಮ್ಮೆಗೇ ಕೆರೆದುಹಾಕದೆ ಒಂದೊಂದೇ ಪದರವಾಗಿ ಉಜ್ಜುತ್ತ ಹೋಗಿ, ಕೆಳಗೆ ಅಡಗಿದ್ದ ಹಳೆಯ ಬಣ್ಣಗಳನ್ನೂ ಗುರುತುಗಳನ್ನೂ ಹೊರಪಡಿಸಿದರು. ಬಣ್ಣದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾನರಿಯೆ.

ಬಣ್ಣ ಯಾವುದೆಂದು ಗೊತ್ತಾದಮೇಲೆಯೂ ಅದನ್ನು ಹಾಗೆಯೇ ಬಳಿಯಬೇಕೆ, ಸ್ವಲ್ಪ ಬಿಳುಪು ಸೇರಿಸಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ದೂರದ ಬೆಟ್ಟ ನೀಲಿಯಾಗಿ ಮಸುಕಾಗುವಂತೆ ಸಣ್ಣ ಮಾದರಿಯೂ ದೂರದ ವಿಮಾನವಾದುದರಿಂದ ಮಸುಕಾಗಬೇಕೆಂದು ಅನೇಕರು ವಾದಿಸಿ, ಪ್ರಮಾಣಕ್ಕೆ ತಕ್ಕಂತೆ ಶೇಕಡಾ ಇಷ್ಟು ಬಿಳುಪೆಂದು ಲೆಕ್ಕವನ್ನೂ ಹಾಕಿದ್ದಾರೆ. ಈ ಕಾರಣ ನನಗೆ ಒಪ್ಪಿಗೆಯಾಗಿಲ್ಲ. ಮೂವತ್ತು ಸೆಂಟಿಮೀಟರು ದೂರದಿಂದ ನೋಡಿದ 1/72 ಮಾದರಿ ಸುಮಾರು ಇಪ್ಪತ್ತೆರಡು ಮೀಟರು ದೂರದ ವಿಮಾನಕ್ಕೆ ಸಮ, ಮತ್ತು ಇಪ್ಪತ್ತೆರಡು ಮೀಟರುಗಳ ಸ್ವಚ್ಛವಾದ ಗಾಳಿ ಯಾವ ಬಣ್ಣವನ್ನೂ ಮಸುಕುಗೊಳಿಸಲಾರದು. ಆದರೂ ಮೂಲದ ಬಣ್ಣದಲ್ಲಿಯೇ ಬಳಿದ ಮಾದರಿ ಕೋಣೆಯೊಳಗೆ ಕಪ್ಪಿಟ್ಟು ಕಾಣುವುದು ನಿಜ. ಅದಕ್ಕೆ ಕಾರಣ ಬೆಳಕು. ಬಯಲಿನ ನಡುಹಗಲಿನ ಬೆಳಕು ಲಕ್ಷ ಲಕ್ಸ್‌ಗಳ ಆಸುಪಾಸಿನದು. ನಮ್ಮ ಕೋಣೆಗಳ ದೀಪ ಕೆಲವು ನೂರರದು. ಆದುದರಿಂದ ಗಾಢವರ್ಣಗಳನ್ನು ತುಸು ತಿಳಿಗೊಳಿಸುವುದು ಸರಿಯಾದ ಕ್ರಮ, ಆದರೆ ಅದು ಕೋಷ್ಟಕದ ಕೆಲಸವಲ್ಲ. ಮಾದರಿ ಎಲ್ಲಿ ನಿಲ್ಲುವುದೋ ಅಲ್ಲಿನ ಬೆಳಕಿನಲ್ಲಿ ಬಣ್ಣ ಬೆರೆಸಿ ನೋಡುವ ಕಣ್ಣಿನ ಕೆಲಸ.

ಸೂಕ್ಷ್ಮವಿವರಗಳ ವಿಷಯದಲ್ಲಿ ಲೆಕ್ಕಾಚಾರ ಇನ್ನೂ ಕಠಿಣವಾದದ್ದು. ಮಾದರಿಯ ಮೇಲೆ ಕೊರೆದ ಗೆರೆಯ ಅಗಲ ಕೇವಲ 0.2 ಮಿಲಿಮೀಟರಾದರೂ, ನಿಜವಾದ ವಿಮಾನದ ಮೇಲೆ ಅದು ಒಂದೂವರೆ ಸೆಂಟಿಮೀಟರಿನಷ್ಟು ಬಿರುಕಾಗುತ್ತದೆ; ಕಿರುಬೆರಳು ತೂರುವಷ್ಟು ಸಂದು ಇರುವ ವಿಮಾನವನ್ನು ಯಾವ ಚಾಲಕನೂ ಏರಲಾರ. ಲೇಪದ ದಪ್ಪ 0.05 ಮಿಲಿಮೀಟರಾದರೂ ಅದು ಮೂರೂವರೆ ಮಿಲಿಮೀಟರಿನ ಗಾರೆಯಾಗುತ್ತದೆ. ಈ ಕಾರಣದಿಂದಲೇ ಏರ್‌ಬ್ರಷ್ಷಿನಿಂದ ತೆಳುವಾಗಿ ಸಿಂಪಡಿಸುವುದೂ, ರೆಕ್ಕೆಯ ಹಿಂಬದಿಯ ಅಂಚನ್ನು ಒಳಗಿನಿಂದ ಅರೆದು ತೆಳ್ಳಗೆ ಮಾಡುವುದೂ, ಪ್ಲಾಸ್ಟಿಕ್ಕಿನಲ್ಲಿ ಸಾಧ್ಯವಾಗದ ತೆಳುಭಾಗಗಳನ್ನು ಚೆಕ್ ದೇಶದ ಎಡುವರ್ಡ್ ಮುಂತಾದ ಸಂಸ್ಥೆಗಳ ಆಮ್ಲದಿಂದ ಕೊರೆದ ಹಿತ್ತಾಳೆಯಲ್ಲಿ ಜೋಡಿಸುವುದೂ ಅವಶ್ಯವಾಗಿವೆ. ಈಚಿನ ವರ್ಷಗಳಲ್ಲಿ ಪ್ರತಿಯೊಂದು ತಗಡಿನ ಸಂದಿಯನ್ನೂ ಕಪ್ಪಿನಿಂದ ತುಂಬಿ, ನಡುಭಾಗವನ್ನು ಬೆಳ್ಳಗಾಗಿಸಿ, ವಿಮಾನವನ್ನು ಚೌಕಳಿಯ ಹಾಸಿನಂತೆ ಮಾಡುವ ರೂಢಿ ಹಬ್ಬಿದೆ. ಕುಶಲತೆಯೇನೋ ಅಲ್ಲಿ ಅಪಾರ. ಯಥಾರ್ಥದಿಂದ ಅದು ದೂರ ಸರಿದಿದೆಯೆಂದೇ ನಾನು ಹೇಳಬೇಕು. ಅಮೆರಿಕದ ಮಸ್ಟಾಂಗ್ ವಿಮಾನದ ರೆಕ್ಕೆಯ ಮುಂಭಾಗದ ಸಂದುಗಳನ್ನೂ ರಿವೆಟ್‌ಗಳನ್ನೂ ಕಾರ್ಖಾನೆಯಲ್ಲಿಯೇ ಪುಟ್ಟಿಯಿಂದ ಮುಚ್ಚಿ, ನುಣ್ಣಗೆ ಉಜ್ಜಿ, ಅಲ್ಯುಮಿನಿಯಮ್ ಬಣ್ಣ ಬಳಿಯುತ್ತಿದ್ದರು. ಹಾಗಿರಲು ಒಡಲಿನ ಹೊಳೆಯುವ ಬರಿಲೋಹಕ್ಕೂ ರೆಕ್ಕೆಯ ಮಂದವಾದ ಬೆಳ್ಳಿಬಣ್ಣಕ್ಕೂ ಭೇದ ತೋರಿಸುವುದು ಬಲ್ಲವರ ಲಕ್ಷಣ. ಆ ರೆಕ್ಕೆಯ ಮೇಲೆ ಸಾಲುಸಾಲಾಗಿ ರಿವೆಟ್‌ಗಳನ್ನು ಕೊರೆಯುವುದು ವ್ಯರ್ಥಶ್ರಮ. ಸ್ಪಿಟ್‌ಫೈರಿನ ಮೂಲಮಾದರಿಯ ಪರೀಕ್ಷೆಯ ಕಾಲದಲ್ಲಿ ಗುಂಡುತಲೆಯ ರಿವೆಟ್‌ಗಳು ವೇಗವನ್ನೆಷ್ಟು ತಗ್ಗಿಸುವುವೆಂದು ತಿಳಿಯಲು, ನುಣುಪಾದ ರಿವೆಟ್‌ಗಳ ತಲೆಯ ಮೇಲೆ ಒಡೆದ ಬಟಾಣಿಬೇಳೆಗಳನ್ನು ಅಂಟಿಸಿ ಹಾರಿಸಿದರು. ಎಲ್ಲೆಡೆಯೂ ಅಂಟಿಸಿದಾಗ ಗಂಟೆಗೆ 22 ಮೈಲಿಗಳವರೆಗೆ ವೇಗ ಕುಗ್ಗಿತು. ಬಳಿಕ ಬೇಳೆಯ ಸಾಲುಗಳನ್ನು ಒಂದೊಂದಾಗಿ ಕಿತ್ತು ನೋಡಿ, ಎಲ್ಲಿ ನುಣುಪು ಅವಶ್ಯವೋ ಅಲ್ಲಿ ಮಾತ್ರ ಅದನ್ನು ಉಳಿಸಿಕೊಂಡರು. ಉಬ್ಬಿದ ರಿವೆಟ್ ಎಲ್ಲಿರಬೇಕು, ಎಲ್ಲಿರಬಾರದು ಎಂಬುದಕ್ಕೆ ಹೀಗೆ ಒಂದು ಯುಕ್ತಿಯುಂಟು; ಅದನ್ನು ತಿಳಿದವನ ಕೈ ಕಂಡಕಂಡಲ್ಲಿ ಕೊರೆಯುವುದಿಲ್ಲ.

ಕಾಕ್‌ಪಿಟ್ಟಿನ ಒಳಬಣ್ಣಗಳ ಬಗ್ಗೆ ಸಂಕ್ಷೇಪವಾಗಿ ಹೇಳಿದರೆ ಸಾಕು. ಬ್ರಿಟಿಷರದು ಬೂದುಹಸಿರು, ಜರ್ಮನರದು ಮೊದಲು ಆರ್‌ಎಲ್‌ಎಂ 02 ಎಂಬ ಹಸಿರುಬೂದು, 1941ರ ಕೊನೆಯಿಂದೀಚೆಗೆ 66 ಎಂಬ ಕಪ್ಪುಬೂದು, ಅಮೆರಿಕನ್ನರದು ಹಳದಿಯ ಝಿಂಕ್ ಕ್ರೋಮೇಟಿಗೆ ಕಪ್ಪು ಬೆರೆಸಿ ಪಡೆದ ಹಸಿರು, ಆದುದರಿಂದಲೇ ಕಾರ್ಖಾನೆಯಿಂದ ಕಾರ್ಖಾನೆಗೆ ಭಿನ್ನವಾದದ್ದು.

ಇದುವರೆಗಿನ ವಿಚಾರವೆಲ್ಲ ಪರದೇಶಗಳದಾಯಿತು. ನಮ್ಮ ದೇಶದ ವಿಮಾನಗಳ ವಿಷಯದಲ್ಲಿ ಕೆಲಸ ಇನ್ನೂ ಎಳೆಯದಾಗಿದೆ. ಬರ್ಮಾ ರಣರಂಗದಲ್ಲಿ ಭಾರತೀಯ ವಾಯುಪಡೆಯ ಹರಿಕೇನ್, ವೆಂಜೆನ್ಸ್, ಸ್ಪಿಟ್‌ಫೈರ್ ವಿಮಾನಗಳ ವೃತ್ತಲಾಂಛನದಿಂದ ಕೆಂಪನ್ನು ತೆಗೆದುಹಾಕಲಾಗಿತ್ತು. ಜಪಾನೀ ವಿಮಾನಗಳ ಕೆಂಪುಸೂರ್ಯನೆಂದು ಭ್ರಮಿಸಿ ಮಿತ್ರರೇ ಗುಂಡು ಹಾರಿಸಬಾರದೆಂಬುದು ಉದ್ದೇಶ. ನಡುಬಿಂದುವಿಗೆ ಬಿಳಿಯೊಡನೆ ಲಾಂಛನದ ನೀಲಿಯನ್ನೇ ಸ್ವಲ್ಪ ಬೆರೆಸಿ ಪಡೆದ ತಿಳಿನೀಲಿಯನ್ನು ಬಳಿಯುತ್ತಿದ್ದರು. ಅಚ್ಚಬಿಳಿಯ ನಡುಬಿಂದುವುಳ್ಳ ಡೆಕಾಲ್ ಎಂಬ ಅಂಟುಚಿತ್ರವನ್ನು ಯೋಚಿಸದೆ ಅಂಟಿಸುವವರು ಇದನ್ನು ಗಮನಿಸಬೇಕು. ಸ್ವಾತಂತ್ರ್ಯಾನಂತರ 1947ರಿಂದ ಕೆಲವು ಕಾಲ ಅಶೋಕಚಕ್ರವೇ ಲಾಂಛನವಾಗಿದ್ದಿತು. ಕಾಶ್ಮೀರದ ಮೇಲೆ ಹಾರಿದ ಟೆಂಪೆಸ್ಟ್ ವಿಮಾನಗಳು ಆ ಚಕ್ರವನ್ನು ಧರಿಸಿದವು. ಗಣರಾಜ್ಯ ಸ್ಥಾಪನೆಯ ಕಾಲಕ್ಕೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರುವ ಈಗಿನ ಲಾಂಛನ ಬಂದಿತು. ಹೀಗೆ ಲಾಂಛನವೊಂದರಿಂದಲೇ ವಿಮಾನದ ಕಾಲವನ್ನು ನಿರ್ಧರಿಸಬಹುದು. ಆ ಕೇಸರಿಯ ಛಾಯೆಯಾದರೂ ಯಾವುದು? ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ರಾಷ್ಟ್ರಧ್ವಜದ ಕೇಸರಿಗೆ ಮಾನಕ ಸಂಸ್ಥೆಯ ನಿರ್ದಿಷ್ಟ ಅಳತೆಯುಂಟು. ಆದರೆ ಖಾದಿಗೆ ಹಿಡಿದ ಬಣ್ಣಕ್ಕೂ, ತಗಡಿನ ಮೇಲೆ ಬಿಸಿಲಿಗೆ ಬೆಂದ ಎನಾಮಲಿಗೂ ಒಂದೇ ನೋಟವಿರಲಾರದು.

1965ರ ಯುದ್ಧದ ಕಾಲಕ್ಕೆ ನ್ಯಾಟ್ ಮೊದಲಾದ ನಮ್ಮ ಅನೇಕ ವಿಮಾನಗಳು ಬೆಳ್ಳಿಯ ಮೈಯಲ್ಲಿಯೇ ಇದ್ದುವು. 1971ರ ಯುದ್ಧ ಸಮೀಪಿಸಿದಾಗ ಹೊಳೆಯುವ ಮಿಗ್-21 ವಿಮಾನಗಳ ಮೇಲೆ ಆಯಾ ನೆಲೆಗಳಲ್ಲಿಯೇ, ಸ್ಕ್ವಾಡ್ರನ್ನಿಗೊಂದು ರೀತಿಯಲ್ಲಿ, ಕೈಗೆ ಸಿಕ್ಕ ಹಸಿರು ಕಂದುಗಳಿಂದ ಮರೆಮಾಚುವ ಪಟ್ಟೆಗಳನ್ನು ಬಳಿದರು. 1940ರ ಇಂಗ್ಲೆಂಡಿನಲ್ಲಿ ಸ್ಕೈ ಬಣ್ಣಕ್ಕೆ ಆದದ್ದೇ ಇಲ್ಲಿಯೂ ಆಯಿತು; ಅಲ್ಲಿನ ಕೆಲಸಗಾರರನ್ನು ಕೇಳಿ ಬರೆದಿಟ್ಟವರು ಇದ್ದರು, ಇಲ್ಲಿ ಅಂಥವರು ಸಾಲದು. ಬೆಂಗಳೂರಿನವರಿಗಂತೂ ಈ ಹೊಣೆ ವಿಶೇಷವಾಗಿದೆ. 1940ರಲ್ಲಿ ವಾಲ್‌ಚಂದ್ ಹಿರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಸ್ಥಾಪಿಸಿದ ಕಾರ್ಖಾನೆಗೆ, ಫೋಕೆವುಲ್ಫ್ 190ರ ನಿರ್ಮಾತೃವಾದ ಕುರ್ಟ್ ಟಾಂಕ್ 1956ರಲ್ಲಿ ಬಂದು ಎಚ್‌ಎಫ್-24 ಮಾರುತ ವಿಮಾನವನ್ನು ರಚಿಸಿದ. 1961ರ ಜೂನ್ 17ರಂದು ಅದು ಇಲ್ಲಿಯ ಆಕಾಶದಲ್ಲಿಯೇ ಮೊದಲು ಹಾರಿತು. ಅದೇ ಕುರ್ಟ್ ಟಾಂಕನ ಜರ್ಮನ್ ವಿಮಾನದ ಒಂದೊಂದು ಬೂದುಛಾಯೆಯ ಮೇಲೂ ಗ್ರಂಥಗಳಿರುವಾಗ, ಮಾರುತದ ಹಸಿರು ಕಂದುಗಳ ಮೇಲೆ ಅಷ್ಟು ವಿವರವಾದ ಗ್ರಂಥವನ್ನು ನಾನು ಕಂಡಿಲ್ಲ. ಪ್ರದರ್ಶನಕ್ಕೆ ನಿಲ್ಲಿಸಿರುವ ಮಾರುತಗಳು ಬಿಸಿಲು ಮಳೆಗಳಿಂದ ರಕ್ಷಣೆಗಾಗಿ ಮೇಲಿಂದ ಮೇಲೆ ಬಣ್ಣ ಬಳಿಸಿಕೊಳ್ಳತಕ್ಕವಾದುದರಿಂದ, ಅವುಗಳ ಇಂದಿನ ಮೈಯನ್ನು ಸಾಕ್ಷ್ಯವಾಗಿ ಹಿಡಿಯುವಂತಿಲ್ಲ.

ಸಾಕ್ಷ್ಯ ಇರುವುದು ಜನರಲ್ಲಿ. ಕಾರ್ಖಾನೆಯ ಬಣ್ಣದ ವಿಭಾಗದಲ್ಲಿಯೂ ವಾಯುಪಡೆಯ ನೆಲೆಗಳಲ್ಲಿಯೂ ದುಡಿದು ನಿವೃತ್ತರಾದ ಹಿರಿಯರು ಈ ನಗರದಲ್ಲಿದ್ದಾರೆ. ಅವರ ಪೆಟ್ಟಿಗೆಗಳಲ್ಲಿ ವರ್ಣಪಾರದರ್ಶಿಕೆಗಳು, ದಿನಚರಿಗಳು, ಆಲ್ಬಮ್ಮುಗಳು ಇವೆ. ಅವರನ್ನು ಕೇಳತಕ್ಕ ಪ್ರಶ್ನೆಗಳು ಸರಳವಾದವು. ಡಬ್ಬಿಯ ಮೇಲೆ ಯಾವ ಹೆಸರಿತ್ತು, ಯಾವ ಸಂಖ್ಯೆಯಿತ್ತು? ಬಂದ ಬಣ್ಣವನ್ನು ಹಾಗೆಯೇ ಬಳಿದಿರಾ, ಬೆರೆಸಿ ಬಳಿದಿರಾ? ಕುಂಚದಿಂದಲೋ, ಸಿಂಪಡಿಸುವ ಯಂತ್ರದಿಂದಲೋ? ಪಟ್ಟೆಗಳಿಗೆ ನಕ್ಷೆಯಿತ್ತೋ, ಸೀಮೆಸುಣ್ಣದಿಂದ ಗೀರಿಕೊಂಡಿರೋ? ಅಡಿಮೈಯ ಬೆಳ್ಳಿಯನ್ನು ಹಾಗೆಯೇ ಬಿಟ್ಟಿರೋ? ಎಷ್ಟು ಕಾಲದಮೇಲೆ ಮತ್ತೊಮ್ಮೆ ಬಳಿದಿರಿ? ಉತ್ತರವನ್ನು ವಿಮಾನದ ಸಂಖ್ಯೆ, ನೆಲೆ, ತಿಂಗಳುಗಳ ಸಹಿತ ಅವರ ಕೈಯಿಂದಲೇ ಆಯಾ ಚಿತ್ರದ ಹಿಂಬದಿಯಲ್ಲಿ ಬರೆಯಿಸಿಕೊಂಡು, ಚಿತ್ರವನ್ನೂ ಬರಹವನ್ನೂ ಒಂದು ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸುವ ಕೆಲಸ ಈ ಹಿರಿಯರ ಕಾಲದಲ್ಲಿಯೇ ಆಗತಕ್ಕದ್ದು.